ಉತ್ತರ ಕೊಡುವ ಮಂತ್ರಿ ಟಿವಿಯಲ್ಲಿ ಮಾತ್ರ

2018ರ ಆಗಸ್ಟ್ 24ರಂದು ಮಡಿಕೇರಿಯಲ್ಲಿ ಮಳೆ ಕೊಂಚ ಹೊಳವಾಗಿತ್ತು. ಬೆಟ್ಟಗಳು ಜರಿದು ಒಂದು ವಾರ. ನಮ್ಮ ಮನೆಯಲ್ಲಿ ಮಕ್ಕಂದೂರು ಕಡೆಯ ನೆಂಟರು ಏಳು ಮಂದಿ ಉಳಿದಿದ್ದರು, ಉಟ್ಟ ಬಟ್ಟೆಯಲ್ಲೇ ಬೆಟ್ಟ ಇಳಿದು ಬಂದವರು. ಕರೆಂಟು ಬಂದದ್ದರಿಂದ ಟಿವಿ ಹಾಕಿದೆವು. ಎಲ್ಲ ಚಾನೆಲ್ಲುಗಳಲ್ಲೂ ನಮ್ಮೂರೇ. ಆದರೆ ಜರಿದ ಬೆಟ್ಟವಲ್ಲ, ಕೊಚ್ಚಿಹೋದ ತೋಟವಲ್ಲ. ನೆರೆ ವೀಕ್ಷಣೆಗೆ ಬಂದಿದ್ದ ಕೇಂದ್ರದ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೂ ಜಿಲ್ಲಾ ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ಅವರಿಗೂ ಕ್ಯಾಮೆರಾಗಳ ಎದುರೇ ಜಟಾಪಟಿ. ಸಂತ್ರಸ್ತರ ಅಹವಾಲು ಮೊದಲೋ, ಅಧಿಕಾರಿಗಳ ಸಭೆ ಮೊದಲೋ ಎಂಬಲ್ಲಿ ಹತ್ತಿದ ಮಾತು. ಅದೇ ತುಣುಕು ರಾತ್ರಿಯವರೆಗೂ ತಿರುಗಿ ತಿರುಗಿ ಬಂತು. ಮುಖಗಳ ಸುತ್ತ ಕೆಂಪು ವೃತ್ತ, ಹಿಂದೆ ಡಂಗುಡಂಗು ಸಂಗೀತ.

ನಾವೂ ನೋಡಿದೆವು, ಬಿಡದೆ ನೋಡಿದೆವು. ಯಾರದು ಸರಿ ಎಂದು ಮನೆಯೊಳಗೆ ಎರಡು ಪಕ್ಷವೇ ಆಯಿತು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ದೊಡ್ಡಪ್ಪ ಮಾತ್ರ ಸುಮ್ಮನಿದ್ದರು. ಜಾಹೀರಾತು ಬಂದಾಗ ಕೇಳಿದರು: ‘ಅದೆಲ್ಲ ಸರಿ. ಹಟ್ಟಿಹೊಳೆ ರಸ್ತೆ ಯಾವಾಗ ಬಿಡ್ತಾರಂತೆ? ಅದನ್ನ ಯಾರಾದ್ರೂ ಕೇಳಿದ್ರಾ?’

ಯಾರೂ ಕೇಳಿರಲಿಲ್ಲ. ಆ ದಿನ ಸಭೆಯೂ ನಡೆದಿತ್ತು, ನೆರವಿನ ಮಾತೂ ಆಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾಡಿಗೆ ನಾಡೇ ನೋಡಿದ್ದು ಜಟಾಪಟಿಯನ್ನು. ದೊಡ್ಡಪ್ಪನ ಪ್ರಶ್ನೆಯನ್ನು ಕೇಳುವವರು ಅಲ್ಲಿ ಇರಲಿಲ್ಲ.

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಜೊತೆಗೆ, ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ನೋಡಿದ ಇನ್ನೊಂದು ಬಗೆಯ ರಾಜಕೀಯ ನಾಟಕದ ಬಗ್ಗೆ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಬಗ್ಗೆ ನಮ್ಮ ಓದುಬರಹದ ಗೆಳೆಯರಲ್ಲಿ ಒಂದು ಸಣ್ಣ ನಗೆಯಿದೆ. ‘ಅದು ಮಧ್ಯಮವರ್ಗದ ಹಗಲುಗನಸು ಮಾರಾಯ, ನಿಜವಾದ ರಾಜಕೀಯ ಬೇರೆಯೇ’ ಎನ್ನುತ್ತಾರೆ. ಹೀಗೆಂದವರೇ ರಾತ್ರಿ ಒಂಬತ್ತಕ್ಕೆ ನ್ಯೂಸ್ ಚಾನೆಲ್ಲಿನ ಮುಂದೆ ಕೂರುತ್ತಾರೆ. ಅದು ನಿಜವಾದ ರಾಜಕೀಯವಂತೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಹಗಲುಗನಸು ಕಾಣುತ್ತಿರುವವರು ನ್ಯೂಸ್ ನೋಡುವ ನಾವು. ಧಾರಾವಾಹಿ ನೋಡುತ್ತಿದ್ದ ನಮ್ಮ ಅಮ್ಮಂದಿರು ಸರ್ಕಾರದಿಂದ ಏನನ್ನು ಕೇಳಬೇಕೋ ಅದನ್ನೇ ಕೇಳುತ್ತಿದ್ದರು.

1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂತು. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದು. ಕೊಡಗಿನ ಮಳೆಯಲ್ಲಿ ದೂರದರ್ಶನ ನೋಡುವುದೆಂದರೆ ಅದೇ ಒಂದು ಸಾಹಸ. ಮನೆಯ ಒಬ್ಬರು ಛತ್ರಿ ಹಿಡಿದು ಹೊರಗೆ ನಿಂತು ಆಂಟೆನಾ ತಿರುಗಿಸಬೇಕು, ಒಳಗಿನವರು ‘ಬಂತು, ಬಂತು, ಹೋಯ್ತು’ ಎಂದು ಕೂಗಬೇಕು. ಆಮೇಲೆ ಈಟಿವಿಯಲ್ಲಿ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’. 2018ರ ಜುಲೈಯಲ್ಲಿ, ಅಂದರೆ ಬೆಟ್ಟ ಜರಿಯುವ ಹಿಂದಿನ ತಿಂಗಳು, ಕಲರ್ಸ್ ಸೂಪರ್‌ನಲ್ಲಿ ‘ಮಗಳು ಜಾನಕಿ’. ಈ ಇಪ್ಪತ್ತು ವರ್ಷಗಳಲ್ಲಿ ತೋಟದ ರೈಟರ್ ಮನೆಯಿಂದ ಹಿಡಿದು ಮಡಿಕೇರಿಯ ವಕೀಲರ ಮನೆಯವರೆಗೆ, ಅತ್ತೆ ಸೊಸೆ ಜಗಳದ ಆಚೆಗೂ ಒಂದು ಕತೆ ಇರಬಹುದೆಂದು ತೋರಿಸಿದ್ದು ಇವೇ. ಮಂತ್ರಿಯ ಬಂಗಲೆ, ಅಧಿಕಾರಿಯ ಕೊಠಡಿ, ಕೋರ್ಟು, ಕೈತಪ್ಪುವ ಭೂಮಿ, ಮದುವೆಯಾಗದ ಮಗಳು, ಎಲ್ಲ ಒಂದೇ ಕತೆಯೊಳಗೆ. ಸರ್ಕಾರದ ಒಂದು ಆದೇಶ ಯಾವ ದಾರಿ ಹಿಡಿದು ಬಂದು ಒಬ್ಬಾಕೆಯ ಅಡುಗೆಮನೆಯ ಬೆಂಕಿ ಆರಿಸುತ್ತದೆ ಎಂಬುದು ಕನ್ನಡದ ಕಿರುತೆರೆಯಲ್ಲಿ ಹೀಗೆ ಕಾಣಿಸಿದ್ದು ಅಪರೂಪ.

ಆದರೆ ಆ ಧಾರಾವಾಹಿಗಳ ಮೋಡಿ ಇಷ್ಟರಲ್ಲೇ ಇರಲಿಲ್ಲ. ಕೆಟ್ಟ ರಾಜಕಾರಣಿಯನ್ನು ತೋರಿಸುವುದು ದೊಡ್ಡ ಮಾತಲ್ಲ, ಯಾವ ಸಿನಿಮಾವಾದರೂ ತೋರಿಸುತ್ತದೆ. ಕಚ್ಚೆಪಂಚೆ, ಕಪ್ಪು ಕನ್ನಡಕ, ಹಿಂದೆ ನಾಲ್ಕು ರೌಡಿಗಳು, ಅಷ್ಟಾದರೆ ಸಾಕು. ಸೀತಾರಾಮ್ ಧಾರಾವಾಹಿಗಳಿಗೆ ಜನ ಕಾದದ್ದು ಕೋರ್ಟಿನ ದೃಶ್ಯಗಳಿಗೆ. ಸ್ವತಃ ಸೀತಾರಾಮ್ ಅವರೇ ಅಭಿನಯಿಸಿದ ವಕೀಲ ಸಿ.ಎಸ್.ಪಿ. ಎದ್ದುನಿಂತು, ಕನ್ನಡಕ ಸರಿಮಾಡಿಕೊಂಡು, ದನಿ ಏರಿಸದೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದ ದೃಶ್ಯಗಳಿಗೆ. ಅಲ್ಲಿ ದೊಡ್ಡ ಮನುಷ್ಯ ಕಟಕಟೆಯಲ್ಲಿ ನಿಲ್ಲುತ್ತಾನೆ. ಅವನು ಎದ್ದು ಹೋಗುವಂತಿಲ್ಲ. ‘ನೋ ಕಾಮೆಂಟ್ಸ್’ ಎನ್ನುವಂತಿಲ್ಲ. ‘ಇದು ವಿರೋಧ ಪಕ್ಷದ ಕುತಂತ್ರ’ ಎಂದು ಜಾರುವಂತಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಸುಳ್ಳು ಹೇಳಿದರೆ ಮುಂದಿನ ಪ್ರಶ್ನೆ ಅದನ್ನು ಹಿಡಿಯುತ್ತದೆ. ಕರೆಂಟು ಹೋಗಿ ಆ ಉತ್ತರ ತಪ್ಪಿಹೋದರೆ ನಮ್ಮಮ್ಮ ಮಾರನೆಯ ಬೆಳಗ್ಗೆ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು. ‘ಏನಾಯ್ತು’ ಎಂದಲ್ಲ, ‘ಏನಂದ’ ಎಂದು.

ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ನನ್ನ ಇಡೀ ತಕರಾರು ಇದೆ.

ಅಧಿಕಾರದ ಒಳಮನೆಯನ್ನು ನೋಡುವ ಆಸೆ ಎಲ್ಲ ಕಡೆಯೂ ಇರುವಂಥದ್ದೇ. ಇಂಗ್ಲೆಂಡಿನಲ್ಲಿ 1980ರಲ್ಲಿ ಬಿಬಿಸಿಯ ‘ಯೆಸ್ ಮಿನಿಸ್ಟರ್’ ಶುರುವಾಯಿತು. ಮಂತ್ರಿಯನ್ನು ಅವನ ಕಾರ್ಯದರ್ಶಿಯೇ ಹೇಗೆ ಆಡಿಸುತ್ತಾನೆ ಎಂದು ಜನ ಬಿದ್ದು ಬಿದ್ದು ನಕ್ಕರು. ಹಿಂದಿಯಲ್ಲಿ ಅದು ‘ಜೀ ಮಂತ್ರೀಜೀ’ ಆಗಿ ಬಂತು, ಫಾರೂಕ್ ಶೇಖ್ ಮಂತ್ರಿಯಾದರು. ಅಮೆರಿಕದಲ್ಲಿ 1999ರಿಂದ ‘ದಿ ವೆಸ್ಟ್ ವಿಂಗ್’. ಓದಿಕೊಂಡ, ಮರ್ಯಾದಸ್ಥ ಅಧ್ಯಕ್ಷನೊಬ್ಬನನ್ನು ಅದು ಕಟ್ಟಿಕೊಟ್ಟಿತು. ನಮ್ಮಲ್ಲೂ 1980ರಲ್ಲೇ ಕಲಾಗಂಗೋತ್ರಿ ತಂಡ ‘ಮುಖ್ಯಮಂತ್ರಿ’ ನಾಟಕವನ್ನು ರಂಗಕ್ಕೆ ತಂದಿತು. ಕುರ್ಚಿ ಉಳಿಸಿಕೊಳ್ಳಲು ಹೆಣಗುವ ಮುಖ್ಯಮಂತ್ರಿಯ ಕತೆ. ಆ ಪಾತ್ರ ಮಾಡಿದ ಚಂದ್ರು ಅವರ ಹೆಸರಿಗೆ ‘ಮುಖ್ಯಮಂತ್ರಿ’ ಎಂಬುದು ಅಂಟಿಕೊಂಡೇ ಬಿಟ್ಟಿತು. 1985ರಲ್ಲಿ ಅವರು ಗೌರಿಬಿದನೂರಿನಿಂದ ನಿಜವಾಗಿಯೂ ವಿಧಾನಸಭೆಗೆ ಆರಿಸಿಬಂದರು.

ಆ ನಾಟಕ ಶುರುವಾದ ವರ್ಷ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಕೊಡಗಿನವರು, ಸೋಮವಾರಪೇಟೆ ಕ್ಷೇತ್ರದಿಂದ ಆರಿಸಿಹೋದ ಆರ್. ಗುಂಡೂರಾವ್. ವಿಧಾನ ಪರಿಷತ್ತಿನಲ್ಲಿ ಅವರ ಸರ್ಕಾರವನ್ನು ಹುರಿದು ಮುಕ್ಕಿದವರೂ ಕೊಡಗಿನವರೇ, ಎ.ಕೆ. ಸುಬ್ಬಯ್ಯ. ಆಗ ಸದನದ ನೇರ ಪ್ರಸಾರ ಇರಲಿಲ್ಲ. ಮಡಿಕೇರಿಯವರು ‘ಶಕ್ತಿ’ ಪತ್ರಿಕೆಯನ್ನೋ ಬೆಂಗಳೂರಿನ ಪತ್ರಿಕೆಗಳನ್ನೋ ಓದಿ ಸದನದ ಕತೆಯನ್ನು ತಿಳಿಯಬೇಕಿತ್ತು. ನಮ್ಮ ಹಿರಿಯರು ಇಂದಿಗೂ ಹೇಳಿಕೊಳ್ಳುವುದು ಸುಬ್ಬಯ್ಯನವರ ಮಾತಿನ ಬಿರುಸನ್ನು, ಅವರು ಯಾವ ವಿಷಯ ಎತ್ತಿದರು ಎಂಬುದನ್ನು. ಅವರ ಮುಖಚರ್ಯೆ ಹೇಗಿತ್ತು, ಯಾವ ಕಾರಿನಲ್ಲಿ ಬಂದರು ಎಂಬುದು ಯಾರಿಗೂ ನೆನಪಿಲ್ಲ. ಗುಂಡೂರಾವ್ ಅವರನ್ನು ಮೆಚ್ಚುವವರೂ ಇದ್ದಾರೆ, ಸುಬ್ಬಯ್ಯನವರ ಮಾತು ಅತಿಯಾಯಿತು ಎನ್ನುವವರೂ ಇದ್ದಾರೆ. ಅದು ಬೇರೆ ವಿಷಯ. ಅಲ್ಲಿ ಕೇಳುವವರೊಬ್ಬರಿದ್ದರು, ಹೇಳಬೇಕಾದವರೊಬ್ಬರಿದ್ದರು. ನಾಟಕ ಎಂದರೆ ಅದು.

ಇನ್ನೂ ಹಿಂದಕ್ಕೆ ಹೋದರೆ, ಕೊಡಗಿಗೆ ತನ್ನದೇ ಸರ್ಕಾರವಿತ್ತು. ಇದನ್ನು ಇಂದಿನ ಹುಡುಗರಿಗೆ ಹೇಳಿದರೆ ತಮಾಷೆ ಎಂದುಕೊಳ್ಳುತ್ತಾರೆ. 1952ರ ಚುನಾವಣೆಯಲ್ಲಿ ಕೊಡಗಿನ ವಿಧಾನಸಭೆಗೆ 24 ಸದಸ್ಯರು ಆಯ್ಕೆಯಾದರು. ಕಾಂಗ್ರೆಸ್ 15, ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಗುಂಪಿನವರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮಂತ್ರಿಮಂಡಲದಲ್ಲಿ ಅವರೂ ಕುಟ್ಟೂರು ಮಲ್ಲಪ್ಪನವರೂ, ಒಟ್ಟು ಇಬ್ಬರೇ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದಾಗ ಆ ಅಧ್ಯಾಯ ಮುಗಿಯಿತು. ನಾನು ಇದನ್ನು ಹೇಳುವುದು ಪ್ರತ್ಯೇಕ ರಾಜ್ಯದ ಹಂಬಲದಿಂದಲ್ಲ, ಹಳೆಯದೆಲ್ಲ ಚಿನ್ನ ಎಂದೂ ಅಲ್ಲ. ತೋಟದ ಲೈನ್‌ಮನೆಗಳಲ್ಲಿ ಬದುಕು ಸವೆಸಿದವರ ಮಾತು ಆ ಸಭೆಯಲ್ಲಿ ಎಷ್ಟು ಕೇಳಿಸುತ್ತಿತ್ತು ಎಂದರೆ, ಹೆಮ್ಮೆಪಡುವಂಥ ಉತ್ತರ ಸಿಗಲಾರದು. ಆದರೂ ಒಂದು ಸಂಗತಿ ಗಮನಿಸಬೇಕು. ಮಂತ್ರಿ ಊರಿನವನು. ಸಂತೆಯಲ್ಲಿ ಸಿಗುತ್ತಾನೆ, ಮದುವೆಯಲ್ಲಿ ಸಿಗುತ್ತಾನೆ, ಸಾವಿನ ಮನೆಯಲ್ಲಿ ಸಿಗುತ್ತಾನೆ. ಅಡ್ಡಹಾಕಿ ಕೇಳಬಹುದು. ಈಗ ನಮಗಿರುವುದು 224ರಲ್ಲಿ ಎರಡು ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. ಲೋಕಸಭೆಗೆ ಮೈಸೂರಿನ ಜೊತೆ ಪಾಲು. ಸರ್ಕಾರ ದೂರವಾದಷ್ಟೂ ಅದನ್ನು ಪರದೆಯ ಮೇಲೆ ನೋಡುವ ಹಸಿವು ಹೆಚ್ಚುತ್ತದೆ. ಅದು ಸಹಜ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಾಚಿಕೆಪಡಬೇಕಾದದ್ದು ಆ ಹಸಿವಿಗೆ ಈಗ ಏನನ್ನು ಬಡಿಸುತ್ತಿದ್ದಾರೆ ಎಂಬುದಕ್ಕೆ. ರಾಜಕಾರಣವೂ ಸುದ್ದಿವಾಹಿನಿಗಳೂ ಸೇರಿ ಧಾರಾವಾಹಿಯ ಒಂದು ಕೆಲಸವನ್ನು ಚೆನ್ನಾಗಿ ಕಲಿತವು: ‘ಮುಂದೇನಾಗುತ್ತದೋ’ ಎಂದು ಕಾಯಿಸುವುದು. ಇನ್ನೊಂದು ಕೆಲಸವನ್ನು ಕೈಬಿಟ್ಟವು: ‘ಏನಂದ’ ಎಂಬುದಕ್ಕೆ ಉತ್ತರ ಕೊಡುವುದು. ಕೊಡಗಿನ ನೆಲದಲ್ಲೇ ಇದರ ಉದಾಹರಣೆಗಳು ಬೇಕಾದಷ್ಟಿವೆ.

2017ರ ಸೆಪ್ಟೆಂಬರ್. ತಮಿಳುನಾಡಿನ ಅಣ್ಣಾ ಡಿಎಂಕೆಯಲ್ಲಿ ಟಿ.ಟಿ.ವಿ. ದಿನಕರನ್ ಬಣದ ಶಾಸಕರು ಪುದುಚೇರಿಯಿಂದ ಹೊರಟು ನಮ್ಮ ಜಿಲ್ಲೆಯ ರೆಸಾರ್ಟ್ ಒಂದಕ್ಕೆ ಬಂದಿಳಿದರು. ಗೇಟಿನ ಹೊರಗೆ ಮಳೆಯಲ್ಲಿ ಓಬಿ ವ್ಯಾನುಗಳು. ಅವರು ಇಲ್ಲಿ ಇರುವಾಗಲೇ, ಸೆಪ್ಟೆಂಬರ್ 18ರಂದು, ಚೆನ್ನೈಯಲ್ಲಿ ಸ್ಪೀಕರ್ 18 ಮಂದಿಯನ್ನು ಅನರ್ಹಗೊಳಿಸಿದರು. ಒಂದು ರಾಜ್ಯದ ಸರ್ಕಾರದ ಅಳಿವು ಉಳಿವು ನಮ್ಮ ಕಾಫಿ ತೋಟದ ನಡುವೆ ತೂಗುತ್ತಿತ್ತು. ಊರಿನವರೂ ನೋಡಲು ಹೋದರು. ಏನು ನೋಡಿದರು? ಗೇಟು ನೋಡಿದರು. ಪರದೆ ಎಳೆದ ಕಿಟಕಿ ನೋಡಿದರು. ಹದಿನೆಂಟು ಕ್ಷೇತ್ರಗಳ ಮತದಾರರು ಆರಿಸಿದ ಮನುಷ್ಯರು ತಮ್ಮ ಮತದಾರರಿಂದ ನೂರಾರು ಮೈಲಿ ದೂರ ಬಾಗಿಲು ಹಾಕಿಕೊಂಡು ಕೂತಿದ್ದನ್ನು ನಾವು ‘ಹೈಡ್ರಾಮಾ’ ಎಂದೆವು. ಡ್ರಾಮಾ ಎಂದರೆ ಪಾತ್ರಗಳು ಬಾಯಿ ಬಿಡಬೇಕು. ಅಲ್ಲಿ ಬಾಯಿಬಿಟ್ಟವರು ವರದಿಗಾರರು ಮಾತ್ರ.

ಅದಕ್ಕೂ ಮೊದಲು, 2010ರ ಅಕ್ಟೋಬರ್. ವಿಧಾನಸಭೆಯ ಸ್ಪೀಕರ್ ಆಗಿದ್ದವರು ಕೊಡಗಿನ ಶಾಸಕ ಕೆ.ಜಿ. ಬೋಪಯ್ಯ. ವಿಶ್ವಾಸಮತದ ಹಿಂದಿನ ದಿನ ಅವರು 16 ಶಾಸಕರನ್ನು ಅನರ್ಹಗೊಳಿಸಿದರು. ಮಾರನೆಯ ದಿನ ಸದನದಲ್ಲಿ ತಳ್ಳಾಟ, ಕೂಗಾಟ, ಧ್ವನಿಮತ. ಟಿವಿಯ ಮುಂದೆ ಕೂತಿದ್ದ ನಮ್ಮ ಜಿಲ್ಲೆಯವರಿಗೆ ನಮ್ಮವರೊಬ್ಬರು ನಾಡಿನ ಎದುರು ಇದ್ದಾರಲ್ಲ ಎಂಬುದೇ ಒಂದು ರೋಮಾಂಚನ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದುಪಡಿಸಿತು. ತಳ್ಳಾಟವನ್ನು ನೋಡಿದ ಜನರಲ್ಲಿ ಎಷ್ಟು ಮಂದಿ ತೀರ್ಪಿನ ಸುದ್ದಿ ಓದಿದರು? ಸಿ.ಎಸ್.ಪಿ.ಯ ಕೋರ್ಟಿನ ದೃಶ್ಯಕ್ಕಾಗಿ ಕರೆಂಟಿನ ಹಾದಿ ಕಾದ ಊರಿನಲ್ಲಿ, ನಿಜವಾದ ಕೋರ್ಟು ನಮ್ಮ ಊರಿನವರ ಬಗ್ಗೆಯೇ ಕೊಟ್ಟ ಉತ್ತರವನ್ನು ಕೇಳುವ ವ್ಯವಧಾನ ಇರಲಿಲ್ಲ. ಆ ಹೊತ್ತಿಗೆ ಆ ‘ಸೀರಿಯಲ್’ ಹಳತಾಗಿತ್ತು.

ಇನ್ನು 2019. ಜುಲೈ 18ರಂದು ಮಂಡನೆಯಾದ ವಿಶ್ವಾಸಮತ 23ರಂದು ಮತಕ್ಕೆ ಬಿತ್ತು. 99ಕ್ಕೆ 105. ಸರ್ಕಾರ ಉರುಳಿತು. ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಹೋಟೆಲುಗಳಲ್ಲಿ, ಪತ್ತಿನ ಸಂಘಗಳ ಕಚೇರಿಗಳಲ್ಲಿ, ಆಸ್ಪತ್ರೆಯ ವರಾಂಡಗಳಲ್ಲಿ ಟಿವಿ ಇದ್ದಲ್ಲೆಲ್ಲ ಸದನವೇ. ಜುಲೈ 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು. ಅಲ್ಲಿಗೆ ಕ್ಲೈಮ್ಯಾಕ್ಸ್ ಮುಗಿದಿತ್ತು, ನಾವು ಚಾನೆಲ್ ಬದಲಿಸಿದೆವು. ಮುಂದಿನ 25 ದಿನ, ಆಗಸ್ಟ್ 20ರವರೆಗೆ, ಕರ್ನಾಟಕಕ್ಕೆ ಮುಖ್ಯಮಂತ್ರಿಯನ್ನು ಬಿಟ್ಟರೆ ಇನ್ನೊಬ್ಬ ಮಂತ್ರಿ ಇರಲಿಲ್ಲ. ಆ 25 ದಿನಗಳ ನಡುವೆಯೇ ಉತ್ತರ ಕರ್ನಾಟಕ ಮುಳುಗಿತು. ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಕುಸಿದು ಮನೆಗಳ ಮೇಲೆ ಬಿತ್ತು, ಮಣ್ಣಿನಡಿ ಜನ ಸತ್ತರು. ಮುಖ್ಯಮಂತ್ರಿ ಓಡಾಡಿದರು, ಅಧಿಕಾರಿಗಳು ದುಡಿದರು, ಹುಡುಗರು ಹಗ್ಗ ಹಿಡಿದು ನೀರಿಗಿಳಿದರು. ಆದರೆ ಕಂದಾಯ ಮಂತ್ರಿ ಯಾರು? ಜಿಲ್ಲಾ ಉಸ್ತುವಾರಿ ಮಂತ್ರಿ ಯಾರು? ಒಂದು ವರ್ಷದ ಹಿಂದೆಯೇ ಜರಿದ ಜಿಲ್ಲೆಯಲ್ಲಿ ಈ ವರ್ಷಕ್ಕೆ ಏನು ತಯಾರಿ ಮಾಡಿದ್ದಿರಿ ಎಂದು ಯಾರನ್ನು ಹಿಡಿದು ಕೇಳುವುದು? 1952ರಲ್ಲಿ ಪುಟ್ಟ ಕೊಡಗಿಗೆ ಇಬ್ಬರು ಮಂತ್ರಿಗಳಿದ್ದರು. 2019ರ ಆಗಸ್ಟಿನಲ್ಲಿ ಇಡೀ ಕರ್ನಾಟಕಕ್ಕೆ ಒಬ್ಬರು. ವಿಶ್ವಾಸಮತವನ್ನು ಬಿಡದೆ ನೋಡಿದ ನಾವು ಈ ಖಾಲಿ ಕುರ್ಚಿಗಳನ್ನು ನೋಡಲಿಲ್ಲ. ಖಾಲಿ ಕುರ್ಚಿಯಲ್ಲಿ ನೋಡುವಂಥದ್ದು ಏನಿದೆ? ಅದು ಎದ್ದು ಕೂಗಾಡುವುದಿಲ್ಲ.

ಪಕ್ಷಗಳ ಲೆಕ್ಕ ಹಾಕುವವರು ಇಲ್ಲಿ ನನ್ನನ್ನು ಹಿಡಿಯಬಹುದು. ಒಂದು ಪಕ್ಷದ ತಪ್ಪು ಹೇಳಿ ಇನ್ನೊಂದನ್ನು ಬಿಟ್ಟಿರಿ ಎನ್ನಬಹುದು. ಬಿಟ್ಟಿಲ್ಲ. ರೆಸಾರ್ಟಿನ ಬಾಡಿಗೆ ಎಲ್ಲ ಪಕ್ಷಗಳೂ ಕಟ್ಟಿವೆ. ನನ್ನ ಜಗಳ ಪಕ್ಷದ ಜೊತೆಗಲ್ಲ, ನಮ್ಮ ಜೊತೆಗೆ. ಸರ್ಕಾರ ಬೀಳುವುದನ್ನು ನೋಡಲು ರಜೆ ಹಾಕುವ ನಾವು, ಸರ್ಕಾರ ನಡೆಯುತ್ತಿದೆಯೋ ಇಲ್ಲವೋ ನೋಡಲು ಅರ್ಧ ಗಂಟೆ ಕೊಡುವುದಿಲ್ಲ.

ಈಗ ಧಾರಾವಾಹಿಗಳ ಮೇಲೆ ನನಗಿರುವ ದೂರನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮಾತು ಏಕಪಕ್ಷೀಯವಾಗುತ್ತದೆ. ಪ್ರಶ್ನೆ ಕೇಳುವವನೊಬ್ಬ ಬೇಕು ಎಂದು ಅವು ಕಲಿಸಿದವು, ನಿಜ. ಆದರೆ ಆ ಒಬ್ಬ ಬರುತ್ತಾನೆ, ನೀವು ಕೂತಿರಿ ಎಂದೂ ಕಲಿಸಿದವು. ಎಲ್ಲ ದಾರಿ ಮುಚ್ಚಿದಾಗ ಸಿ.ಎಸ್.ಪಿ. ಬರುತ್ತಾರೆ. ಪ್ರಾಮಾಣಿಕ ಅಧಿಕಾರಿ ಬರುತ್ತಾಳೆ. ‘ಇಂಥವರೊಬ್ಬರು ನಮ್ಮ ಜಿಲ್ಲೆಗೆ ಬಂದಿದ್ದರೆ’ ಎಂದು ನಮ್ಮಮ್ಮ ಅದೆಷ್ಟು ಸಲ ಹೇಳಿದ್ದರೋ. ಇದೇ ಸೀತಾರಾಮ್ 2001ರಲ್ಲಿ ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ‘ಮತದಾನ’ ಸಿನಿಮಾ ಮಾಡಿದವರು. ಒಳ್ಳೆಯವನೊಬ್ಬ ರಾಜಕೀಯಕ್ಕಿಳಿದ ಮಾತ್ರಕ್ಕೆ ಊರು ನೆಟ್ಟಗಾಗುವುದಿಲ್ಲ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆದರೆ ವಾರಕ್ಕೆ ಐದು ಸಂಜೆ ಬರುವ ಕತೆಗೆ ಒಬ್ಬ ನಾಯಕ ಬೇಕೇಬೇಕು. ನಾಯಕನಿದ್ದಲ್ಲಿ ಮಿಕ್ಕವರೆಲ್ಲ ಪ್ರೇಕ್ಷಕರೇ.

ಈ ಕಾಯುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಉಕ್ರೇನ್ ನೋಡಿ. 2015ರಲ್ಲಿ ಅಲ್ಲಿ ‘ಜನರ ಸೇವಕ’ ಎಂಬ ಧಾರಾವಾಹಿ ಶುರುವಾಯಿತು. ಶಾಲೆಯ ಮೇಷ್ಟ್ರೊಬ್ಬ ಅಚಾನಕ್ಕಾಗಿ ದೇಶದ ಅಧ್ಯಕ್ಷನಾಗುವ ಕತೆ. ಮೇಷ್ಟ್ರ ಪಾತ್ರ ಮಾಡಿದ್ದು ವೊಲೊಡಿಮಿರ್ ಝೆಲೆನ್‌ಸ್ಕಿ ಎಂಬ ಹಾಸ್ಯನಟ. ಧಾರಾವಾಹಿಯ ಹೆಸರಿನಲ್ಲೇ ಪಕ್ಷ ಹುಟ್ಟಿತು, 2019ರಲ್ಲಿ ಆತ ನಿಜವಾಗಿಯೇ ಅಧ್ಯಕ್ಷನಾದ. ಆತನನ್ನು ಮೆಚ್ಚಬೇಕೋ ಬೇಡವೋ ಎಂಬುದು ಇಲ್ಲಿನ ಚರ್ಚೆಯಲ್ಲ. ಯುದ್ಧ ಬಂದಾಗ ಊರು ಬಿಟ್ಟು ಓಡಲಿಲ್ಲ ಎಂಬುದನ್ನು ಲೋಕ ಕಂಡಿದೆ. ನಾನು ಹೇಳುವುದು ಮತ ಹಾಕಿದವರ ಬಗ್ಗೆ. ಅವರು ಮತ ಹಾಕಿದ್ದು ಆ ಮೇಷ್ಟ್ರಿಗೂ ಹೌದು. ನಮ್ಮಲ್ಲೂ ಸಿ.ಎಸ್.ಪಿ. ಚುನಾವಣೆಗೆ ನಿಂತಿದ್ದರೆ ನಮ್ಮಮ್ಮ ಎರಡನೆಯ ಯೋಚನೆ ಮಾಡುತ್ತಿರಲಿಲ್ಲ.

ಸಿ.ಎಸ್.ಪಿ. ಬರಲಿಲ್ಲ. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ಯಾರೂ ಧಾರಾವಾಹಿಯಿಂದ ಇಳಿದು ಬರಲಿಲ್ಲ. ಲೈನ್‌ಮನೆ ಬಿಟ್ಟು ಬಂದು, ಒಂದಿಷ್ಟು ಸ್ವಂತ ನೆಲ ಬೇಕು ಎಂದವರು ಅವರು. ಚಳಿಯಲ್ಲಿ ಬಯಲಿನಲ್ಲೇ ಕೂತರು. ಏಳಲಿಲ್ಲ. ಇಳಿವಯಸ್ಸಿನ ಸುಬ್ಬಯ್ಯ ಅವರ ಬೆನ್ನಿಗೆ ನಿಂತರು, ಹೊರಗಿನಿಂದಲೂ ಜನ ಬಂದರು. ಆದರೆ ಕೂತವರು ಅವರೇ. ಕಡೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಕೊಡಬೇಕಾಯಿತು. ಆ ಪುನರ್ವಸತಿಯ ಬಗ್ಗೆ ಹೇಳಬೇಕಾದ ದೂರುಗಳು ಬೇಕಾದಷ್ಟಿವೆ. ಆದರೂ ಸರ್ಕಾರದಿಂದ ಒಂದು ಉತ್ತರ ಹೊರಬಂತು. ನಾಯಕನಿಗೆ ಕಾದದ್ದರಿಂದ ಬರಲಿಲ್ಲ. ಕಟಕಟೆಯೊಂದನ್ನು ಅವರು ಬಯಲಿನಲ್ಲೇ ಕಟ್ಟಿಕೊಂಡದ್ದರಿಂದ ಬಂತು. ಕೊಡಗಿನ ಕಳೆದ ಹತ್ತಿಪ್ಪತ್ತು ವರ್ಷದ ದೊಡ್ಡ ರಾಜಕೀಯ ನಾಟಕ ಯಾವುದು ಎಂದು ನನ್ನನ್ನು ಕೇಳಿದರೆ ರೆಸಾರ್ಟಿನದ್ದಲ್ಲ, ದಿಡ್ಡಳ್ಳಿಯದ್ದು ಎನ್ನುತ್ತೇನೆ. ಅದನ್ನು ನಮ್ಮಲ್ಲಿ ಎಷ್ಟು ಮಂದಿ ‘ನೋಡಿದೆವು’? ಬಹಳ ಜನ ‘ಕೆಲಸಕ್ಕೆ ಆಳಿಲ್ಲ’ ಎಂದು ಗೊಣಗಿದೆವು.

ಕಳೆದ ಸಲ ನಮ್ಮ ಪಂಚಾಯಿತಿಯ ಗ್ರಾಮಸಭೆಗೆ ಹೋಗಿದ್ದೆ. ಹತ್ತೂವರೆಗೆ ಎಂದಿದ್ದ ಸಭೆ ಹನ್ನೆರಡಾದರೂ ಕೋರಂ ಇಲ್ಲದೆ ಕಾಯುತ್ತಿತ್ತು. ಎದುರಿನ ಅಂಗಡಿಯ ಟಿವಿಯಲ್ಲಿ ಯಾವನೋ ಮಂತ್ರಿಯ ರಾಜೀನಾಮೆಯ ಸುದ್ದಿ ಓಡುತ್ತಿತ್ತು. ಅಲ್ಲಿ ಕೋರಂ ಇತ್ತು. ಕಡೆಗೆ ಹೇಗೋ ಜನ ಸೇರಿಸಿ ಸಭೆ ಶುರುವಾಯಿತು. ಫಲಾನುಭವಿಗಳ ಪಟ್ಟಿ ಓದಿದರು, ಚಪ್ಪಾಳೆ ತಟ್ಟಿದೆವು. ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ, ಲೈನ್‌ಮನೆಯ ಹೆಂಗಸೊಬ್ಬರು ಎದ್ದರು. ‘ಸಾರ್, ಹೋದ ಸಲ ನೀರಿನ ಪೈಪಿಂದು ಕೇಳಿದ್ದೆ. ನೀವು ಬರ್ಕೊಂಡಿದ್ರಿ. ಏನು ಬರ್ಕೊಂಡಿದ್ರಿ, ಓದಿ ಹೇಳಿ.’

ಪಿಡಿಒ ನಡಾವಳಿ ಪುಸ್ತಕ ತೆಗೆದರು. ಹಾಳೆ ತಿರುವಿದರು. ಸಭೆಯಲ್ಲಿ ಆವರೆಗೆ ಮೊಬೈಲ್ ನೋಡುತ್ತಿದ್ದವರೆಲ್ಲ ತಲೆ ಎತ್ತಿದ್ದರು. ಪುಸ್ತಕದಲ್ಲಿ ಒಂದು ಸಾಲು ಇತ್ತು: ‘ಪರಿಶೀಲಿಸಿ ಕ್ರಮ ಕೈಗೊಳ್ಳುವುದು.’ ಆಕೆ ಕೂರಲಿಲ್ಲ. ‘ಪರಿಶೀಲನೆ ಯಾರು ಮಾಡಿದ್ರು?’ ಎಂದರು. ಆಮೇಲೆ, ‘ಯಾವತ್ತು?’ ದನಿ ಏರಿಸಲೇ ಇಲ್ಲ. ನನಗೆ ಥಟ್ಟನೆ ನಮ್ಮಮ್ಮ ನೆನಪಾದರು.

ಆಕೆಗೆ ಆ ದಿನ ಪೈಪು ಸಿಗಲಿಲ್ಲ. ಒಂದು ಹೆಸರು, ಒಂದು ತಾರೀಖು ಸಿಕ್ಕಿತು. ಅದನ್ನೂ ಪುಸ್ತಕದಲ್ಲಿ ಬರೆಸಿಯೇ ಕೂತರು. ಅವರ ಪಕ್ಕದಲ್ಲಿದ್ದವರು ಮುಂದಿನ ಸಲ ತಮ್ಮ ರಸ್ತೆಯದ್ದೂ ಕೇಳುವುದೆಂದು ಮಾತಾಡಿಕೊಂಡರು. ನ್ಯೂಸ್ ಚಾನೆಲ್ಲಿಗೆ ಇದರಲ್ಲಿ ಏನೂ ಇಲ್ಲ. ಯಾರೂ ಬೀಳಲಿಲ್ಲ, ಯಾರೂ ಏಳಲಿಲ್ಲ. ಆದರೆ ಸೀತಾರಾಮ್ ಅವರ ಕೋರ್ಟಿನಲ್ಲಿ ನಾವು ಇಪ್ಪತ್ತು ವರ್ಷ ಉಸಿರು ಬಿಗಿಹಿಡಿದು ನೋಡಿದ್ದು ಇದನ್ನೇ ಅಲ್ಲವೇ? ಕೇಳುವವರು ಒಬ್ಬರು, ಜಾರಿಕೊಳ್ಳಲಾಗದೆ ನಿಂತವರು ಒಬ್ಬರು.

ದೊಡ್ಡಪ್ಪನ ತೋಟದ ಅರ್ಧ ಹಳ್ಳಕ್ಕೆ ಹೋಯಿತು. ರಸ್ತೆ ಬಿಟ್ಟರು, ಯಾವಾಗ ಎಂದು ಅವರಿಗೆ ಮುಂಚೆ ಯಾರೂ ಹೇಳಲಿಲ್ಲ. ಈಗಲೂ ಪ್ರತಿ ಜೂನಿನಲ್ಲಿ ಮೋಡ ಕಟ್ಟಿದಾಗ ಅವರು ಫೋನ್ ಮಾಡಿ ಕೇಳುತ್ತಾರೆ, ‘ಈ ಸಲ ಏನು ತಯಾರಿ ಮಾಡಿದ್ದಾರಂತೆ?’ ಟಿವಿಯಲ್ಲಿ ಏನೂ ಹೇಳಲಿಲ್ಲ ದೊಡ್ಡಪ್ಪ ಎನ್ನುತ್ತಿದ್ದೆ. ಮುಂದಿನ ಗ್ರಾಮಸಭೆಯಲ್ಲಿ ನಾನು ಎದ್ದು ಕೇಳಬೇಕಾದ ಪ್ರಶ್ನೆ ಅದು. 2018ರಲ್ಲಿ ಕೇಂದ್ರ ಮಂತ್ರಿಯೂ ರಾಜ್ಯದ ಮಂತ್ರಿಯೂ ನಮ್ಮೂರಿನಲ್ಲೇ ಇದ್ದಾಗ ಟಿವಿಯ ಮುಂದೆ ಕೂತು ಪಕ್ಷ ಕಟ್ಟುವ ಬದಲು, ಎದ್ದು ಹೋಗಿ ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.